ಹಗುರ ವಿಂಡೋ ಮ್ಯಾನೇಜರ್‌ಗಳಲ್ಲಿ ನಿಮಗೆ ಒಗ್ಗುವುದು ಯಾವುದು? ಐಸ್‌ಡಬ್ಲ್ಯೂಎಂ, ಓಪನ್‌ಬಾಕ್ಸ್, ಐ3, ಸ್ವೇ, ಡಿಡಬ್ಲ್ಯೂಎಂ

ಬಾಗಲಕೋಟೆಯ ನವನಗರದಲ್ಲಿ ಸಂಜೆ ಹೊತ್ತು ಲಿನಕ್ಸ್ ಹೇಳಿಕೊಡುವ ನನ್ನ ಕೋಣೆಗೆ ಈ ಬೇಸಿಗೆಯಲ್ಲಿ ಮೂವರು ಬೇರೆ ಬೇರೆ ದಿನ ಬಂದು ಹೆಚ್ಚೂಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೊದಲು ಬಂದವಳು ಡಿಪ್ಲೊಮಾ ಓದುವ ವಿದ್ಯಾರ್ಥಿನಿ. ಅಣ್ಣ ಬಳಸಿ ಬಿಟ್ಟ 4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಅವಳದು. ಎರಡನೆಯವರು ರಬಕವಿಯಲ್ಲಿ ಲಗ್ನಪತ್ರಿಕೆ, ಕರಪತ್ರಗಳನ್ನು ಸಿದ್ಧಪಡಿಸುವ ಡಿಟಿಪಿ ಕೆಲಸದವರು. ಬೆಳಗಿನಿಂದ ರಾತ್ರಿಯವರೆಗೆ ಅವರ ಬೆರಳುಗಳು ಕನ್ನಡ ಕೀಲಿಗಳ ಮೇಲೆಯೇ ಇರುತ್ತವೆ. ಮೂರನೆಯವರು ಜಮಖಂಡಿಯ ನಿವೃತ್ತ ಗಣಿತ ಶಿಕ್ಷಕರು. ಅವರ ಮನೆಯ 2 ಜಿಬಿಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಮೊಮ್ಮಕ್ಕಳೂ ಬಳಸುತ್ತಾರೆ. ಲಿನಕ್ಸ್‌ನ ಪೂರ್ಣ ಡೆಸ್ಕ್‌ಟಾಪ್‌ಗಳಾದ ಗ್ನೋಮ್, ಕೆಡಿಇಗಳು ತಮ್ಮ ಯಂತ್ರಕ್ಕೆ ಭಾರವಾಗಿವೆ, ಹಗುರವಾದ ವಿಂಡೋ ಮ್ಯಾನೇಜರ್ ಹಾಕಿಕೊಳ್ಳಬೇಕೆಂದರೆ ಹತ್ತಾರು ಹೆಸರುಗಳು ಎದುರಾಗುತ್ತವೆ, ಯಾವುದನ್ನು ಹಿಡಿಯಬೇಕು ಎಂಬುದೇ ಮೂವರ ಗೊಂದಲ. ಮೂವರಿಗೂ ಹೇಳಿದ ಉತ್ತರ ಬೇರೆ ಬೇರೆಯಾದರೂ ಅದಕ್ಕೆ ಹಿಡಿದ ಅಳತೆಗೋಲು ಒಂದೇ ಆಗಿತ್ತು. ಅದನ್ನು ಇಲ್ಲಿ ವಿವರವಾಗಿ ಇಡುತ್ತಿದ್ದೇನೆ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇಂಥ ಆಯ್ಕೆ ಏಕಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ, 1987ರಲ್ಲಿ ಹನ್ನೊಂದನೆಯ ಆವೃತ್ತಿಗೆ ಬಂದು ನಿಂತ ಎಕ್ಸ್ ವಿಂಡೋ ವ್ಯವಸ್ಥೆಯು ಪರದೆಯ ಮೇಲೆ ಚಿತ್ರ ಮೂಡಿಸುವುದನ್ನು, ಕೀಲಿಮಣೆ ಮತ್ತು ಮೌಸಿನ ಸಂಕೇತಗಳನ್ನು ತಲುಪಿಸುವುದನ್ನು ಮಾತ್ರ ತಾನು ಇಟ್ಟುಕೊಂಡಿತು. ವಿಂಡೋ ಎಲ್ಲಿ ಕೂರಬೇಕು, ಎಷ್ಟು ದೊಡ್ಡದಿರಬೇಕು, ಅದಕ್ಕೆ ಅಂಚು, ಶೀರ್ಷಿಕೆ ಪಟ್ಟಿ ಇರಬೇಕೋ ಬೇಡವೋ ಎಂಬ ತೀರ್ಮಾನಗಳನ್ನೆಲ್ಲ ಅದು ಇನ್ನೊಂದು ಪ್ರತ್ಯೇಕ ಪ್ರೋಗ್ರಾಮಿಗೆ ಬಿಟ್ಟುಕೊಟ್ಟಿತು. ಆ ಪ್ರೋಗ್ರಾಮೇ ವಿಂಡೋ ಮ್ಯಾನೇಜರ್. ಗ್ನೋಮ್‌ನಂಥ ಪೂರ್ಣ ಡೆಸ್ಕ್‌ಟಾಪ್ ಎಂದರೆ ಇದೊಂದೇ ಅಲ್ಲ. ವೈಫೈ ಚಿಹ್ನೆ, ಧ್ವನಿಯ ಏರಿಳಿತ, ಬ್ಯಾಟರಿಯ ಎಚ್ಚರಿಕೆ, ಪರದೆಯ ಬೀಗ, ಪೆನ್‌ಡ್ರೈವ್ ಚುಚ್ಚಿದೊಡನೆ ತೆರೆದುಕೊಳ್ಳುವ ಏರ್ಪಾಡು, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಇವೆಲ್ಲ ಸೇರಿದ ಸಂಸಾರ ಅದು. ಹಗುರ ವಿಂಡೋ ಮ್ಯಾನೇಜರ್ ಹಾಕಿಕೊಂಡ ದಿನ ಈ ಸಂಸಾರದಲ್ಲಿ ಒಬ್ಬರನ್ನು ಉಳಿಸಿಕೊಂಡು ಮಿಕ್ಕವರನ್ನು ಕಳಿಸಿಕೊಟ್ಟಂತೆ. ಅವರು ಮಾಡುತ್ತಿದ್ದ ಕೆಲಸ ನಿಲ್ಲುವುದಿಲ್ಲ, ಅದು ನಿಮ್ಮ ಪಾಲಿಗೆ ಬರುತ್ತದೆ. ಆದ್ದರಿಂದ ಯಾವುದು ಎಷ್ಟು ಹಗುರ ಎಂದು ಕೇಳುವುದಕ್ಕಿಂತ ಯಾವುದು ಏನನ್ನು ನನ್ನ ಪಾಲಿಗೆ ಬಿಡುತ್ತದೆ, ಅದನ್ನು ಹೊರಲು ನನಗೆ ಬಿಡುವು ಮತ್ತು ಮನಸ್ಸು ಇದೆಯೇ ಎಂದು ಕೇಳಿಕೊಳ್ಳುವುದು ಸರಿಯಾದ ದಾರಿ.

ಅಳತೆಗೋಲುಗಳು

ಮೆಮೊರಿಯ ಲೆಕ್ಕ ಮೊದಲು ಬರಲಿ, ಏಕೆಂದರೆ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ಗ್ನೋಮ್ ಎದ್ದು ನಿಲ್ಲುವಷ್ಟರಲ್ಲಿ ಒಂದು ಜಿಬಿಯ ಆಸುಪಾಸು ಹಿಡಿಯುವುದು ಸಾಮಾನ್ಯ. ಇಲ್ಲಿ ಹೋಲಿಸುತ್ತಿರುವ ವಿಂಡೋ ಮ್ಯಾನೇಜರ್‌ಗಳು ತಮಗಾಗಿ ಬಳಸುವುದು ಕೆಲವೇ ಎಂಬಿಗಳಿಂದ ಕೆಲವು ಹತ್ತು ಎಂಬಿಗಳಷ್ಟು. ಈ ಉಳಿತಾಯ ನಿಜವಾದದ್ದೇ. ಆದರೆ ಐದಾರು ಟ್ಯಾಬ್ ತೆರೆದ ಬ್ರೌಸರ್ ಒಂದೇ ಆ ಉಳಿತಾಯವನ್ನೆಲ್ಲ ನುಂಗಿಬಿಡಬಲ್ಲದು. ಹಾಗಾಗಿ ಐ3 ಹಗುರವೋ ಡಿಡಬ್ಲ್ಯೂಎಂ ಹಗುರವೋ ಎಂದು ಐದು ಎಂಬಿ, ಹತ್ತು ಎಂಬಿಗಳ ಲೆಕ್ಕ ಹಿಡಿದು ಆರಿಸುವುದು ವ್ಯರ್ಥ. ಕೈಯಲ್ಲಿ ಸ್ವಲ್ಪ ಹಣವಿದ್ದು ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿಸಿ. ಅದರಿಂದ ಸಿಗುವ ಚುರುಕನ್ನು ಯಾವ ವಿಂಡೋ ಮ್ಯಾನೇಜರೂ ಕೊಡಲಾರದು. ಹಣವಿಲ್ಲದಿದ್ದರೆ ಮೆಮೊರಿಯಲ್ಲಿರುವುದನ್ನೇ ಒತ್ತಿ ಇಡುವ ಝಡ್‌ರ‍್ಯಾಮ್ ಸೌಲಭ್ಯವನ್ನು ಚಾಲೂ ಮಾಡಿಕೊಳ್ಳಿ, ಅದಕ್ಕೆ ಖರ್ಚಿಲ್ಲ.

ಎರಡನೆಯದು ಕೈಗಳ ಅಭ್ಯಾಸ. ವಿಂಡೋಗಳನ್ನು ಮೇಜಿನ ಮೇಲಿನ ಕಾಗದಗಳಂತೆ ಒಂದರ ಮೇಲೊಂದು ಇಟ್ಟು ಮೌಸಿನಿಂದ ಎಳೆದಾಡುವ ರೂಢಿ ಒಂದು ಬಗೆ. ಹೊಲದ ಪಟ್ಟಿಗಳಂತೆ ಪರದೆಯನ್ನು ತಾನೇ ಹಂಚಿ, ಒಂದರ ಮೇಲೊಂದು ಬೀಳದಂತೆ ಕೂರಿಸುವ ಟೈಲಿಂಗ್ ಇನ್ನೊಂದು ಬಗೆ. ಟೈಲಿಂಗ್‌ನಲ್ಲಿ ಕೀಲಿಮಣೆಯೇ ಮುಖ್ಯ. ಟರ್ಮಿನಲ್ ಮತ್ತು ಎಡಿಟರ್ ನಡುವೆ ದಿನವಿಡೀ ಓಡಾಡುವವರಿಗೆ ಅದು ವರವಾಗುತ್ತದೆ. ಚಿತ್ರ, ಪುಟವಿನ್ಯಾಸಗಳ ಕೆಲಸದವರಿಗೆ ಅಷ್ಟು ಒಗ್ಗುವುದಿಲ್ಲ. ಆ ಯಂತ್ರವನ್ನು ನೀವೊಬ್ಬರೇ ಬಳಸುತ್ತೀರೋ, ಮನೆಯವರೂ ಬಳಸುತ್ತಾರೋ ಎಂಬುದೂ ಇದರೊಂದಿಗೇ ಸೇರಿದ ಪ್ರಶ್ನೆ.

ಮೂರನೆಯದು ಕನ್ನಡ. ಇಂಗ್ಲಿಷಿನಲ್ಲಿ ಬರೆದ ಹೋಲಿಕೆಗಳಲ್ಲಿ ಈ ಅಂಶ ಬರುವುದೇ ಇಲ್ಲ, ನಮಗೋ ಇದು ಮುಖ್ಯವಾದದ್ದು. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಒಳಗೆ ಕನ್ನಡ ಹೇಗೆ ಕಾಣುತ್ತದೆ ಎಂಬುದಕ್ಕೂ ವಿಂಡೋ ಮ್ಯಾನೇಜರಿಗೂ ಸಂಬಂಧವಿಲ್ಲ. ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ಲೈಬ್ರರಿಯನ್ನು ಅವು ತಾವೇ ಬಳಸುತ್ತವೆ. ಆದರೆ ವಿಂಡೋದ ಶೀರ್ಷಿಕೆ ಪಟ್ಟಿ, ಪರದೆಯ ತುದಿಯ ಸ್ಥಿತಿಪಟ್ಟಿ ಇವೆರಡನ್ನು ಬರೆಯುವುದು ವಿಂಡೋ ಮ್ಯಾನೇಜರ್ ಅಥವಾ ಅದರ ಜೊತೆಗಾರ ಬಾರ್. ಅದು ಪ್ಯಾಂಗೋ ಲೈಬ್ರರಿಯ ಮೂಲಕ ಬರೆದರೆ ಕನ್ನಡ ನೆಟ್ಟಗೆ ಮೂಡುತ್ತದೆ. ಅಕ್ಷರಕ್ಕೊಂದು ಚಿತ್ರ ತೆಗೆದು ಸಾಲಾಗಿ ಇಡುವ ಹಳೆಯ ಪದ್ಧತಿಯಾದರೆ ಮೂಡುವುದಿಲ್ಲ. ಡಿಡಬ್ಲ್ಯೂಎಂನಲ್ಲಿ 'ಕಬ್ಬಿನ ಲೆಕ್ಕ' ಎಂಬ ಹೆಸರಿನ ಫೈಲನ್ನು ತೆರೆದಾಗ ನಾನು ಕಂಡದ್ದು ಇದು: ಬ ಅಕ್ಷರದ ಕೆಳಗೆ ಒತ್ತು ಬೀಳುವ ಬದಲು, ಬ, ಅದರ ಪಕ್ಕ ಒಂದು ಹಲಂತದ ಗುರುತು, ಅದರ ಪಕ್ಕ ಇನ್ನೊಂದು ಬ, ಆಮೇಲೆ ಯಾವುದಕ್ಕೂ ಅಂಟದೆ ಗಾಳಿಯಲ್ಲಿ ನಿಂತ ಗುಡಿಸು. ಓದಲು ಬಾರದ ಸ್ಥಿತಿಯೇನೂ ಅಲ್ಲ, ಆದರೆ ಇಡೀ ದಿನ ಕನ್ನಡದಲ್ಲೇ ಕೆಲಸ ಮಾಡುವವರಿಗೆ ಅದನ್ನು ನೋಡುತ್ತ ಕೂರುವುದು ಕಷ್ಟ. ಯಾವುದೇ ವಿಂಡೋ ಮ್ಯಾನೇಜರನ್ನು ಒಪ್ಪುವ ಮೊದಲು ಒತ್ತಕ್ಷರವಿರುವ ಹೆಸರಿನ ಫೈಲೊಂದನ್ನು ತೆರೆದು ನೋಡುವುದು ಅರ್ಧ ನಿಮಿಷದ ಪರೀಕ್ಷೆ.

ಕನ್ನಡ ಟೈಪ್ ಮಾಡುವುದರಲ್ಲಿಯೂ ಎರಡು ದಾರಿಗಳಿವೆ. ಕೆ. ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲಿ ಬಂದ, ನುಡಿ ಬಳಸಿದವರಿಗೆಲ್ಲ ಪರಿಚಿತವಾದ ಕಗಪ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇವೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಎಂಬ ಆದೇಶದಿಂದ ಇಂಗ್ಲಿಷಿನ ಜೊತೆಗೆ ಎರಡನೆಯ ವಿನ್ಯಾಸವಾಗಿ ಸೇರಿಸಿಕೊಂಡರೆ ಸಾಕು, ಬೇರೆ ತಂತ್ರಾಂಶ ಬೇಕಿಲ್ಲ. ಇನ್ನೊಂದು ದಾರಿ, ಒತ್ತಿದ ಕೀಲಿಗಳನ್ನು ಕನ್ನಡಕ್ಕೆ ತಿರುಗಿಸುವ ಪ್ರತ್ಯೇಕ ತಂತ್ರಾಂಶಗಳಾದ ಐಬಸ್ ಅಥವಾ ಎಫ್‌ಸಿಐಟಿಎಕ್ಸ್5. ಪೂರ್ಣ ಡೆಸ್ಕ್‌ಟಾಪ್‌ನಲ್ಲಿ ಇವು ತಾವಾಗಿಯೇ ಏಳುತ್ತವೆ. ಬರಿಯ ವಿಂಡೋ ಮ್ಯಾನೇಜರಿನಲ್ಲಿ ಅವುಗಳನ್ನು ಆರಂಭದ ಪಟ್ಟಿಗೆ ನೀವೇ ಸೇರಿಸಬೇಕು, ಪ್ರೋಗ್ರಾಮುಗಳ ಗುಂಡಿ, ಮೆನುಗಳನ್ನು ಕಟ್ಟುವ ಲೈಬ್ರರಿಗಳಾದ ಜಿಟಿಕೆಗೊಂದು, ಕ್ಯೂಟಿಗೊಂದು, ಎಕ್ಸ್‌ನ ಹಳೆಯ ಪದ್ಧತಿಗೊಂದು ಎಂದು ಮೂರು ಪರಿಸರ ಸೂಚನೆಗಳನ್ನೂ (ಎನ್ವಿರಾನ್ಮೆಂಟ್ ವೇರಿಯಬಲ್) ಬರೆದಿಡಬೇಕು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಇದನ್ನು ಐಎಂ-ಕಾನ್ಫಿಗ್ ಎಂಬ ಸಹಾಯಕ ಮಾಡಿಕೊಡುತ್ತದೆ.

ನಾಲ್ಕನೆಯದು ವಿದ್ಯುತ್ತು. ಎರಡು ವರ್ಷದ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ ನಾನು ಐ3ರಲ್ಲಿ ಪೂರ್ಣಪರದೆ ಮಾಡಿಕೊಂಡು ಪರೀಕ್ಷೆಗೆ ಪ್ರಶ್ನೆಗಳನ್ನು ಬರೆಯುತ್ತಿದ್ದೆ. ಕರೆಂಟು ಹೋಯಿತು, ಫ್ಯಾನು ನಿಂತಿತು, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಬ್ಯಾಟರಿ ಹಳೆಯದು. ಐ3ರ ಸ್ಥಿತಿಪಟ್ಟಿಯಲ್ಲಿ ಬ್ಯಾಟರಿಯ ಸಂಖ್ಯೆ ಕೆಂಪಾಗುತ್ತದೆ ನಿಜ, ಆದರೆ ಪೂರ್ಣಪರದೆಯಲ್ಲಿ ಆ ಪಟ್ಟಿಯೇ ಕಾಣುವುದಿಲ್ಲ. ವಾಕ್ಯದ ನಡುವೆ ಪರದೆ ಕಪ್ಪಾಯಿತು. ನಲವತ್ತು ಪ್ರಶ್ನೆ ಬರೆದಿದ್ದೆ, ಉಳಿದದ್ದು ಹನ್ನೊಂದು. ಗ್ನೋಮ್ ಆಗಿದ್ದರೆ ಎರಡು ಬಾರಿ ಎಚ್ಚರಿಸಿ, ಕೊನೆಗೆ ತಾನೇ ಯಂತ್ರವನ್ನು ನಿದ್ರೆಗೆ ಕಳಿಸುತ್ತಿತ್ತು. ಆ ಕೆಲಸ ನನ್ನ ಪಾಲಿಗೆ ಬಂದಿದೆ ಎಂಬುದು ನನಗೆ ತಿಳಿದದ್ದು ಆ ದಿನ. ಲಿನಕ್ಸ್‌ನ ತಿರುಳಾದ ಕರ್ನಲ್ ಬ್ಯಾಟರಿಯ ಪ್ರಮಾಣವನ್ನು ಒಂದು ಸಣ್ಣ ಫೈಲಿನಲ್ಲಿ ತೋರಿಸುತ್ತಲೇ ಇರುತ್ತದೆ. ಅದನ್ನು ನಿಮಿಷಕ್ಕೊಮ್ಮೆ ಓದಿ, ನೂರಕ್ಕೆ 15ರ ಕೆಳಗಿಳಿದರೆ ಪರದೆಯ ಮೇಲೆ ಸೂಚನೆ ಕೊಟ್ಟು, 5ರ ಕೆಳಗಿಳಿದರೆ ಸಸ್ಪೆಂಡ್ ಮಾಡುವ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟನ್ನು ಅಂದು ರಾತ್ರಿಯೇ ಬರೆದೆ. ಬೇಸಿಗೆಯಲ್ಲಿ ಹೇಳದೆ ಕೇಳದೆ ಕರೆಂಟು ಹೋಗುವ ನಮ್ಮ ಕಡೆಯಲ್ಲಿ ಲ್ಯಾಪ್‌ಟಾಪಿಗೆ ಬರಿಯ ವಿಂಡೋ ಮ್ಯಾನೇಜರ್ ಹಾಕುವ ಪ್ರತಿಯೊಬ್ಬರಿಗೂ ನಾನು ಮೊದಲು ಈ ಸ್ಕ್ರಿಪ್ಟ್ ಕೊಡುತ್ತೇನೆ, ಆಮೇಲೆ ಉಳಿದದ್ದು.

ಕೊನೆಯದು, ನಮ್ಮ ಆದ್ಯತೆಗಳನ್ನು ಬರೆದಿಡುವ ಕಾನ್ಫಿಗ್ ಫೈಲು ಯಾವ ರೂಪದಲ್ಲಿದೆ, ಅದರಲ್ಲಿ ತಪ್ಪು ಮಾಡಿದರೆ ಏನಾಗುತ್ತದೆ ಎಂಬುದು. ಇದನ್ನು ಒಂದೊಂದರ ಜೊತೆಗೇ ಹೇಳುತ್ತೇನೆ.

ಐಸ್‌ಡಬ್ಲ್ಯೂಎಂ: ಮನೆಮಂದಿಯ ಯಂತ್ರಕ್ಕೆ

1997ರಿಂದ ಬೆಳೆಯುತ್ತ ಬಂದು ಇಂದಿಗೂ ಹೊಸ ಆವೃತ್ತಿಗಳನ್ನು ಕಾಣುತ್ತಿರುವ ಐಸ್‌ಡಬ್ಲ್ಯೂಎಂ ನಿಮ್ಮ ಪಾಲಿಗೆ ಎಲ್ಲಕ್ಕಿಂತ ಕಡಿಮೆ ಕೆಲಸ ಬಿಡುತ್ತದೆ. ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂಬ ಚಿಕ್ಕ ನಕ್ಷೆ, ಇವೆಲ್ಲ ಅದರೊಳಗೇ ಇವೆ. ಹಳೆಯ ವಿಂಡೋಸ್ ನೋಡಿದವರು ಯಾರೂ ಕೈಕಟ್ಟಿ ಕೂರಬೇಕಾಗಿಲ್ಲ. ಸಂರಚನೆಯೂ ಸರಳ ಪಠ್ಯ ಫೈಲುಗಳಲ್ಲಿ: ಮೆನುವಿಗೊಂದು, ಕೀಲಿಗಳಿಗೊಂದು, ಉಳಿದ ಆದ್ಯತೆಗಳಿಗೊಂದು.

ಜಮಖಂಡಿಯ ಗುರುಗಳಿಗೆ ನಾನು ಹೇಳಿದ್ದು ಇದನ್ನೇ. ಐಸ್‌ಡಬ್ಲ್ಯೂಎಂ ಮೊದಲೇ ಜೋಡಿಸಿರುವ, ಡೆಬಿಯನ್ ಆಧಾರದ ಆಂಟಿಎಕ್ಸ್ ವಿತರಣೆಯನ್ನು ಹಾಕಿದರೆ ವೈಫೈ, ಧ್ವನಿ, ಪೆನ್‌ಡ್ರೈವ್‌ಗಳ ತಾಪತ್ರಯವೂ ಬಹುಮಟ್ಟಿಗೆ ತಪ್ಪುತ್ತದೆ. ತೀರ ಹಳೆಯ ಯಂತ್ರವಾದರೆ ಪ್ರೊಸೆಸರ್ 64 ಬಿಟ್‌ನದೇ ಎಂದು ಮೊದಲು ನೋಡಿಕೊಳ್ಳಿ. 2025ರಲ್ಲಿ ಬಂದ ಡೆಬಿಯನ್ 13 ಹಳೆಯ 32 ಬಿಟ್ ಪಿಸಿಗಳಿಗೆ ಅನುಸ್ಥಾಪಕವನ್ನು ಕೊಡುವುದನ್ನು ನಿಲ್ಲಿಸಿದೆ. ಐಸ್‌ಡಬ್ಲ್ಯೂಎಂನ ಕೊರತೆ ಎಂದರೆ ಅದು ನಿಮ್ಮ ಕೆಲಸದ ರೀತಿಯನ್ನು ಬದಲಿಸುವುದಿಲ್ಲ. ಹತ್ತು ವಿಂಡೋ ತೆರೆದರೆ ಹತ್ತನ್ನೂ ನೀವೇ ಸರಿಸಿ ಜೋಡಿಸಬೇಕು. ಗುರುಗಳಿಗೆ ಅದು ಕೊರತೆಯೇ ಅಲ್ಲ, ಒಂದು ಬ್ರೌಸರ್, ಒಂದು ಸ್ಪ್ರೆಡ್‌ಶೀಟ್ ಬಿಟ್ಟು ಮೂರನೆಯದನ್ನು ಅವರು ತೆರೆಯುವುದಿಲ್ಲ.

ಓಪನ್‌ಬಾಕ್ಸ್: ಮೌಸ್ ಹಿಡಿದು ದುಡಿಯುವವರಿಗೆ

ಓಪನ್‌ಬಾಕ್ಸ್ ಹಾಕಿ ಲಾಗಿನ್ ಆದರೆ ಮೊದಲು ಕಾಣುವುದು ಖಾಲಿ ಪರದೆ. ಬಲಗುಂಡಿ ಒತ್ತಿದರೆ ಮೆನು ಬರುತ್ತದೆ, ಅಷ್ಟೇ. ಟಾಸ್ಕ್‌ಬಾರ್ ಬೇಕಾದರೆ ಟಿಂಟ್2 ಸೇರಿಸಿಕೊಳ್ಳಬೇಕು, ಫೈಲುಗಳಿಗೆ ಪಿಸಿಮ್ಯಾನ್‌ಎಫ್‌ಎಂ, ವೈಫೈಗೆ ಎನ್‌ಎಂ-ಆಪ್ಲೆಟ್. ಇದರ ನಿಜವಾದ ಬಲ ಇರುವುದು ಮೌಸ್ ಮತ್ತು ಕೀಲಿಗಳಿಗೆ ಏನು ಬೇಕಾದರೂ ಹೇಳಿಕೊಡಬಹುದು ಎಂಬುದರಲ್ಲಿ: ಶೀರ್ಷಿಕೆಯ ಮೇಲೆ ಚಕ್ರ ತಿರುಗಿಸಿದರೆ ವಿಂಡೋ ಮಡಚಿಕೊಳ್ಳಲಿ, ವಿಂಡೋಸ್ ಕೀಲಿಯೊಡನೆ ಎಡಬಾಣ ಒತ್ತಿದರೆ ಅರ್ಧ ಪರದೆಗೆ ಕೂರಲಿ, ಇಂಥ ಪ್ರೋಗ್ರಾಮ್ ಯಾವಾಗಲೂ ಎರಡನೆಯ ಡೆಸ್ಕ್‌ಟಾಪಿನಲ್ಲೇ ತೆರೆಯಲಿ ಎಂಬಂಥ ನಿಯಮಗಳನ್ನೆಲ್ಲ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆಯಬಹುದು. ಎಕ್ಸ್‌ಎಂಎಲ್ ಓದಲು ಹಿತವಾದ ಬರಹವಲ್ಲ. ಒಂದು ಕೋನಾವರಣ (< ಅಥವಾ > ಚಿಹ್ನೆ) ಮರೆತರೆ ಬರೆದ ನಿಯಮಗಳೆಲ್ಲ ಕೆಲಸ ನಿಲ್ಲಿಸುತ್ತವೆ, ಆದ್ದರಿಂದ ತಿದ್ದುವ ಮುನ್ನ ಪ್ರತಿ ತೆಗೆದಿಡಿ.

ರಬಕವಿಯವರಿಗೆ ಒಪ್ಪಿದ್ದು ಓಪನ್‌ಬಾಕ್ಸ್. ಅವರ ಪರದೆಯಲ್ಲಿ ಇಂಕ್‌ಸ್ಕೇಪ್ ದೊಡ್ಡದಾಗಿ ಹರಡಿಕೊಂಡಿರುತ್ತದೆ, ಅದರ ಮೇಲೆ ಗಿರಾಕಿ ಕಳಿಸಿದ ಮಜಕೂರಿನ ಸಣ್ಣ ವಿಂಡೋ, ಪಕ್ಕದಲ್ಲಿ ಹೋದ ವರ್ಷದ ಕಾರ್ಡಿನ ಚಿತ್ರ. ಒಂದರ ಮೇಲೊಂದು ಇಟ್ಟು ನೋಡುವುದೇ ಅವರ ಕೆಲಸದ ರೀತಿಯಾಗಿರುವಾಗ ಟೈಲಿಂಗ್ ಹೇಳಿಕೊಟ್ಟರೆ ಅದು ಅವರಿಗೆ ಅಡ್ಡಿಯಾಗುತ್ತಿತ್ತು. ಓಪನ್‌ಬಾಕ್ಸ್ ಮತ್ತು ಟಿಂಟ್2 ಎರಡೂ ಪ್ಯಾಂಗೋ ಬಳಸುವುದರಿಂದ ಶೀರ್ಷಿಕೆಯಲ್ಲಿ, ಟಾಸ್ಕ್‌ಬಾರಿನಲ್ಲಿ 'ಲಗ್ನಪತ್ರಿಕೆ' ಎಂಬುದು ಒತ್ತುಗಳ ಸಮೇತ ಸರಿಯಾಗಿ ಕಾಣುತ್ತದೆ. ಇದು ಅವರ ತೀರ್ಮಾನವನ್ನು ಗಟ್ಟಿ ಮಾಡಿತು.

ಎರಡು ಮಾತು ಮುಚ್ಚಿಡದೆ ಹೇಳಬೇಕು. ಓಪನ್‌ಬಾಕ್ಸ್‌ನ ಕೊನೆಯ ಅಧಿಕೃತ ಆವೃತ್ತಿ 3.6.1 ಬಂದದ್ದು 2015ರಲ್ಲಿ. ಕೆಲಸದಲ್ಲಿ ಅದು ಇಂದಿಗೂ ಬಂಡೆಯಂತೆ ಗಟ್ಟಿ, ಆದರೆ ಎಕ್ಸ್ ಇರುವವರೆಗೆ ಮಾತ್ರ ಅದರ ಆಯುಷ್ಯ. ಅದೇ ಬಗೆಯ ಸಂರಚನೆಯನ್ನು ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ಗೆ ಒಯ್ದಿರುವ ಲ್ಯಾಬ್‌ಡಬ್ಲ್ಯೂಸಿ ಅದರ ವಾರಸುದಾರ ಎನ್ನಬಹುದು. ರಾಸ್ಪ್‌ಬೆರಿ ಪೈಯ ಅಧಿಕೃತ ವ್ಯವಸ್ಥೆ 2024ರಲ್ಲಿ ಅದನ್ನೇ ಆರಿಸಿಕೊಂಡಿತು. ಇನ್ನೊಂದು ಮಾತು: ಟಿಂಟ್2, ಆಪ್ಲೆಟ್ ಎಂದೆಲ್ಲ ಒಂದೊಂದೇ ಜೋಡಿಸುವ ಬಿಡುವು ಇಲ್ಲದವರು ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪನ್ನು ಹಾಕಿಕೊಳ್ಳುವುದೇ ಮೇಲು. ಒಳಗೆ ಓಪನ್‌ಬಾಕ್ಸ್ ಇಟ್ಟುಕೊಂಡೇ ಓಡುವ ಆ ಡೆಸ್ಕ್‌ಟಾಪಿನಲ್ಲಿ ಬ್ಯಾಟರಿಯ ಎಚ್ಚರಿಕೆಯೂ ಇದೆ. 4 ಜಿಬಿ ಯಂತ್ರಕ್ಕೆ ಅದು ಭಾರವಾಗದು.

ಐ3: ಕಲಿಯುವ ಮನಸ್ಸಿರುವವರಿಗೆ

2009ರಲ್ಲಿ ಜರ್ಮನಿಯ ಮೈಕೆಲ್ ಸ್ಟಾಪೆಲ್‌ಬರ್ಗ್ ಆರಂಭಿಸಿದ ಐ3, ಟೈಲಿಂಗ್‌ನ ಕಡೆ ಹೆಜ್ಜೆ ಇಡುವವರಿಗೆ ನಾನು ಮೊದಲು ಹೇಳುವ ಹೆಸರು. ಮೊದಲ ಬಾರಿ ಲಾಗಿನ್ ಆದಾಗ ಕಾನ್ಫಿಗ್ ಫೈಲು ಬರೆದುಕೊಡಲೇ ಎಂದು ಅದು ಕೇಳುತ್ತದೆ, ಮುಖ್ಯ ಕೀಲಿಯಾಗಿ ವಿಂಡೋಸ್ ಕೀಲಿ ಬೇಕೋ ಆಲ್ಟ್ ಬೇಕೋ ಎಂದು ಕೇಳುತ್ತದೆ. ವಿಂಡೋಸ್ ಕೀಲಿಯನ್ನೇ ಆರಿಸಿ. ಆಲ್ಟ್ ಆರಿಸಿದರೆ ಬೇರೆ ಪ್ರೋಗ್ರಾಮುಗಳ ಮೆನು ಕೀಲಿಗಳೊಡನೆ ಜಗಳ ಬರುತ್ತದೆ. ಮುಖ್ಯ ಕೀಲಿಯೊಡನೆ ಎಂಟರ್ ಒತ್ತಿದರೆ ಟರ್ಮಿನಲ್, ಡಿ ಒತ್ತಿದರೆ ಪ್ರೋಗ್ರಾಮು ತೆರೆಯುವ ಪಟ್ಟಿ, ಅಂಕಿ ಒತ್ತಿದರೆ ಆ ಅಂಕಿಯ ಕಾರ್ಯಾವರಣ (ವರ್ಕ್‌ಸ್ಪೇಸ್, ಅಂದರೆ ವಿಂಡೋಗಳ ಬೇರೊಂದು ಗುಂಪಿಗೆ ಪ್ರತ್ಯೇಕ ಪರದೆ). ಈ ಮೂರರಿಂದ ಮೊದಲ ದಿನ ಕಳೆಯಬಹುದು. ಮಾರನೆಯ ದಿನ ಡಬ್ಲ್ಯೂ ಕಲಿಯಿರಿ: ಇಕ್ಕಟ್ಟಾದ ವಿಂಡೋಗಳು ಒಂದರ ಹಿಂದೊಂದು ಟ್ಯಾಬುಗಳಾಗಿ ನಿಲ್ಲುತ್ತವೆ. 14 ಇಂಚಿನ ಲ್ಯಾಪ್‌ಟಾಪ್ ಪರದೆಯಲ್ಲಿ ಮೂರು ವಿಂಡೋ ಪಕ್ಕಪಕ್ಕ ಇಟ್ಟರೆ ಒಂದನ್ನೂ ಸರಿಯಾಗಿ ಓದಲಾಗುವುದಿಲ್ಲ. ಸಣ್ಣ ಪರದೆಯವರಿಗೆ ಟೈಲಿಂಗ್‌ಗಿಂತ ಈ ಟ್ಯಾಬಿನ ವಿನ್ಯಾಸವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ.

ತಪ್ಪುಗಳನ್ನು ಐ3 ಸಹಿಸಿಕೊಳ್ಳುವ ರೀತಿ ನನಗೆ ಬಹಳ ಇಷ್ಟ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ತಪ್ಪಾದರೆ ಪರದೆಯ ತುದಿಯಲ್ಲಿ ಕೆಂಪು ಪಟ್ಟಿ ಬಂದು ತಪ್ಪಿದೆ ಎಂದು ತಿಳಿಸುತ್ತದೆ, ದೋಷದ ವಿವರ ನೋಡಲು ಗುಂಡಿಯನ್ನೂ ಕೊಡುತ್ತದೆ, ಕೆಲಸ ನಿಲ್ಲುವುದಿಲ್ಲ. ಮುಖ್ಯ ಕೀಲಿ, ಶಿಫ್ಟ್, ಆರ್ ಒತ್ತಿದರೆ ತೆರೆದ ವಿಂಡೋಗಳನ್ನೆಲ್ಲ ಇದ್ದಲ್ಲೇ ಇಟ್ಟುಕೊಂಡು ಹೊಸ ಕಾನ್ಫಿಗ್‌ನೊಡನೆ ಮತ್ತೆ ಎದ್ದುಕೊಳ್ಳುತ್ತದೆ. ಕನ್ನಡದ ಮಟ್ಟಿಗೂ ಇದು ಪಾಸು: ಅಕ್ಷರವಿನ್ಯಾಸದ ಸಾಲಿನಲ್ಲಿ ಪ್ಯಾಂಗೋ ಎಂದು ಸೂಚಿಸಿ ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟಿನ ಹೆಸರು ಕೊಟ್ಟರೆ ಶೀರ್ಷಿಕೆಗಳು ನೆಟ್ಟಗಾಗುತ್ತವೆ. ಕಗಪ ವಿನ್ಯಾಸಕ್ಕೆ ಬದಲಿಸಿಕೊಂಡಿರುವಾಗಲೂ ಐ3ರ ಕೀಲಿಗಳು ಕೆಲಸ ಮಾಡುತ್ತವೆ, ಏಕೆಂದರೆ ಅದು ಕೀಲಿಗಳನ್ನು ಮೊದಲನೆಯ ವಿನ್ಯಾಸದ ಪ್ರಕಾರ ಗುರುತಿಸಿ ಎಲ್ಲ ವಿನ್ಯಾಸಗಳಿಗೂ ಅನ್ವಯಿಸುತ್ತದೆ. ಇಂಗ್ಲಿಷನ್ನು ಮೊದಲು, ಕನ್ನಡವನ್ನು ಎರಡನೆಯದಾಗಿ ಇಡುವುದನ್ನು ಮರೆಯಬೇಡಿ.

ಅದು ನಿಮ್ಮ ಪಾಲಿಗೆ ಬಿಡುವುದು ಬ್ಯಾಟರಿಯ ಸ್ಕ್ರಿಪ್ಟ್, ಪರದೆಯ ಬೀಗ, ಧ್ವನಿಯ ಹಾಗೂ ಬೆಳಕಿನ ಕೀಲಿಗಳು, ಮತ್ತು ಪ್ರೊಜೆಕ್ಟರ್. ಕೊನೆಯದು ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಮುಖ್ಯ. ಪ್ರೊಜೆಕ್ಟರಿನ ತಂತಿ ಚುಚ್ಚಿದೊಡನೆ ಐ3ರಲ್ಲಿ ಏನೂ ಆಗುವುದಿಲ್ಲ. ಎಕ್ಸ್‌ರ‍್ಯಾಂಡ್‌ಆರ್ ಆದೇಶ ಕೊಡಬೇಕು, ಇಲ್ಲವೇ ಆರ‍್ಯಾಂಡ್‌ಆರ್ ಎಂಬ ಚಿತ್ರರೂಪದ ಸಾಧನ ತೆರೆಯಬೇಕು. ಸೆಮಿನಾರಿನ ದಿನ ಎಲ್ಲರೆದುರು ನಿಂತು ಅದನ್ನು ಹುಡುಕುವ ಬದಲು ಹಿಂದಿನ ದಿನವೇ ಒಂದು ಕೀಲಿಗೆ ಕಟ್ಟಿಟ್ಟುಕೊಳ್ಳಿ. ಡಿಪ್ಲೊಮಾ ವಿದ್ಯಾರ್ಥಿನಿ ಈಗ ಐ3 ಬಳಸುತ್ತಿದ್ದಾಳೆ; ಸಿ ಪ್ರೋಗ್ರಾಮ್ ಒಂದು ಕಡೆ, ಅದರ ಫಲಿತಾಂಶ ಇನ್ನೊಂದು ಕಡೆ, ಬ್ರೌಸರ್ ಎರಡನೆಯ ಕಾರ್ಯಾವರಣದಲ್ಲಿ. ಮೊದಲ ವಾರ ಬೆರಳು ತಡವರಿಸಿದವು, ಎರಡನೆಯ ವಾರದಲ್ಲಿ ಮೌಸ್ ಚೀಲದಿಂದ ಹೊರಗೇ ಬರಲಿಲ್ಲ.

ಸ್ವೇ: ಹೊಸ ಯಂತ್ರವಿದ್ದರೆ

ಎಕ್ಸ್‌ನ ಜಾಗಕ್ಕೆ 2008ರಲ್ಲಿ ಆರಂಭವಾದ ವೇಲ್ಯಾಂಡ್ ಬರುತ್ತಿದೆ. ಗ್ನೋಮ್‌ನಂಥ ದೊಡ್ಡ ಡೆಸ್ಕ್‌ಟಾಪ್‌ಗಳು ಎಕ್ಸ್ ಮೇಲೆ ಓಡುವುದನ್ನೇ ಕೈಬಿಡುತ್ತಿವೆ. ಸ್ವೇ ಎಂದರೆ ವೇಲ್ಯಾಂಡ್ ಮೇಲಿನ ಐ3. 2019ರ ಮಾರ್ಚ್‌ನಲ್ಲಿ 1.0 ಆವೃತ್ತಿ ಕಂಡ ಇದಕ್ಕೆ ಐ3ರ ಕಾನ್ಫಿಗ್ ಫೈಲನ್ನೇ ಕೊಟ್ಟರೂ ಬಹುಪಾಲು ಹಾಗೆಯೇ ನಡೆಯುತ್ತದೆ. ಪರದೆಯಲ್ಲಿ ವಿಡಿಯೋ ಹರಿದಂತೆ ಕಾಣುವುದು ತಪ್ಪುತ್ತದೆ, ಪ್ರೊಜೆಕ್ಟರ್ ಚುಚ್ಚಿದರೆ ತಾನೇ ಹೊತ್ತಿಕೊಳ್ಳುತ್ತದೆ, ಬೇರೆ ಬೇರೆ ಸಾಂದ್ರತೆಯ ಎರಡು ಪರದೆಗಳಿಗೆ ಬೇರೆ ಬೇರೆ ಅಳತೆ ಕೊಡಬಹುದು.

ಕಷ್ಟ ಎಲ್ಲಿ ಎಂದರೆ, ಎಕ್ಸ್‌ನ ಕಾಲದ ಸಾಧನಗಳು ಇಲ್ಲಿ ನಡೆಯುವುದಿಲ್ಲ. ಸೆಟ್‌ಎಕ್ಸ್‌ಕೆಬಿಮ್ಯಾಪ್, ಎಕ್ಸ್‌ರ‍್ಯಾಂಡ್‌ಆರ್ ಎರಡರ ಕೆಲಸವನ್ನೂ ಸ್ವೇಯ ಕಾನ್ಫಿಗ್ ಫೈಲಿನಲ್ಲೇ ಬರೆಯಬೇಕು. ಕನ್ನಡಿಗರಿಗೆ ಇಲ್ಲೊಂದು ಮುಳ್ಳು ಇದೆ: ಕಗಪ ವಿನ್ಯಾಸಕ್ಕೆ ಬದಲಿಸಿದೊಡನೆ ಅಕ್ಷರ ಕೀಲಿಗಳಿಗೆ ಕಟ್ಟಿದ ಆದೇಶಗಳು ನಿಂತುಬಿಡುತ್ತವೆ, ಏಕೆಂದರೆ ಡಿ ಎಂಬ ಕೀಲಿ ಈಗ ಕನ್ನಡ ಅಕ್ಷರವನ್ನು ಕೊಡುತ್ತಿದೆ, ಸ್ವೇ ಇನ್ನೂ ಡಿಗಾಗಿ ಕಾಯುತ್ತಿದೆ. ಬೈಂಡ್‌ಸಿಮ್ ಎಂಬ ಪ್ರತಿ ಸಾಲಿನಲ್ಲೂ ಟು-ಕೋಡ್ ಎಂಬ ಸೂಚನೆಯನ್ನು ಸೇರಿಸಿದರೆ ಕೀಲಿಯನ್ನು ಅದರ ಸ್ಥಾನದಿಂದ ಗುರುತಿಸಿ ಸರಿಯಾಗುತ್ತದೆ. ಐಬಸ್‌ಗಿಂತ ಎಫ್‌ಸಿಐಟಿಎಕ್ಸ್5 ಇಲ್ಲಿ ಹೆಚ್ಚು ಒಗ್ಗುತ್ತದೆ. ಎನ್‌ವಿಡಿಯಾದ ಸ್ವಾಮ್ಯದ ಡ್ರೈವರನ್ನು ಸ್ವೇ ತಯಾರಕರು ಬೆಂಬಲಿಸುವುದಿಲ್ಲ. ಅಂಥ ಕಾರ್ಡ್ ಇದ್ದರೆ ಐ3ರಲ್ಲೇ ಇರಿ. ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್‌ನ ಈಚಿನ ಲ್ಯಾಪ್‌ಟಾಪ್ ಕೊಂಡು ಹೊಸದಾಗಿ ಆರಂಭಿಸುವವರು ನೇರವಾಗಿ ಸ್ವೇ ಕಲಿಯುವುದು ಲೇಸು, ಎರಡು ಬಾರಿ ಕಲಿಯುವ ಶ್ರಮ ಉಳಿಯುತ್ತದೆ.

ಡಿಡಬ್ಲ್ಯೂಎಂ: ಒಳಗನ್ನು ಓದಬೇಕೆನ್ನುವವರಿಗೆ

2006ರಲ್ಲಿ ಬಂದ ಡಿಡಬ್ಲ್ಯೂಎಂ ತನ್ನ ಮೂಲಸಂಕೇತ 2000 ಸಾಲು ಮೀರಬಾರದೆಂದು ತಾನೇ ಗೆರೆ ಹಾಕಿಕೊಂಡಿದೆ. ಇದಕ್ಕೆ ಕಾನ್ಫಿಗ್ ಫೈಲು ಇಲ್ಲ. ಬಣ್ಣ ಬದಲಿಸಬೇಕಾದರೂ ಸಿ ಭಾಷೆಯ ಹೆಡರ್ ಫೈಲನ್ನು ತಿದ್ದಿ, ಮತ್ತೆ ಕಂಪೈಲ್ ಮಾಡಿ ಹಾಕಬೇಕು. ಪರದೆಯ ಎಡಕ್ಕೆ ಮುಖ್ಯ ವಿಂಡೋ, ಬಲಕ್ಕೆ ಉಳಿದವುಗಳ ಸಾಲು ಎಂಬ ಅದರ ವಿನ್ಯಾಸ ಕೈಗೆ ಬಲುಬೇಗ ಹತ್ತುತ್ತದೆ. ಅದು ಕೊಡದ ಸೌಲಭ್ಯಗಳು ಮೂಲಸಂಕೇತವನ್ನು ತಿದ್ದುವ ಪ್ಯಾಚ್‌ಗಳ ರೂಪದಲ್ಲಿ ಸಿಗುತ್ತವೆ. ಒಂದು ಪ್ಯಾಚ್ ಸಲೀಸು, ಮೂರನೆಯದು ಮೊದಲೆರಡರೊಡನೆ ಡಿಕ್ಕಿ ಹೊಡೆಯುತ್ತದೆ, ಆಗ ಕೈಯಿಂದಲೇ ಜೋಡಿಸಬೇಕು. ಕನ್ನಡದ ಸ್ಥಿತಿಯನ್ನು ಮೇಲೆಯೇ ಹೇಳಿದ್ದೇನೆ, ಜೊತೆಗಾರ ಟರ್ಮಿನಲ್ ಆದ ಎಸ್‌ಟಿಯಲ್ಲಿಯೂ ಅದೇ ಪಾಡು. ಆದರೂ ಸಿ ಭಾಷೆಯನ್ನು ಗಂಭೀರವಾಗಿ ಕಲಿಯುವ ವಿದ್ಯಾರ್ಥಿಗಳಿಗೆ ಇದನ್ನು ಒಮ್ಮೆಯಾದರೂ ಓದಿ ಎಂದು ಹೇಳುತ್ತೇನೆ. ತಾನು ದಿನವೂ ಬಳಸುವ ಒಂದು ಪೂರ್ಣ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಅರ್ಥಮಾಡಿಕೊಳ್ಳುವ ಅವಕಾಶ ಬೇರೆಡೆ ಸಿಗುವುದು ವಿರಳ.

ಉಳಿದವುಗಳ ಬಗ್ಗೆ ಚುಟುಕಾಗಿ: ಎಕ್ಸ್‌ಮೊನಾಡ್ ಅನ್ನು ಹ್ಯಾಸ್ಕೆಲ್ ಭಾಷೆ ಬಲ್ಲವರು ಮಾತ್ರ ನೋಡಬಹುದು, ಅದರ ಕಂಪೈಲರ್ ಒಂದೇ ಡಿಸ್ಕಿನ ನೂರಾರು ಎಂಬಿ ಹಿಡಿಯುತ್ತದೆ. ಆಸಮ್‌ಗೆ ಲುವಾ ಬೇಕು. ಓಪನ್‌ಬಿಎಸ್‌ಡಿ ಹಾಕಿದವರಿಗೆ ಸಿಡಬ್ಲ್ಯೂಎಂ ವ್ಯವಸ್ಥೆಯೊಡನೆಯೇ ಬಂದಿರುತ್ತದೆ. ಶೀರ್ಷಿಕೆ ಪಟ್ಟಿಯೂ ಇಲ್ಲದ, ಕೀಲಿಮಣೆಯಿಂದಲೇ ನಡೆಯುವ ಆ ಸರಳ ಸಾಧನವನ್ನು ಬಿಟ್ಟು ಅಲ್ಲಿ ಬೇರೆಯದನ್ನು ಹುಡುಕುವ ಅಗತ್ಯ ನನಗೆ ಕಂಡಿಲ್ಲ.

ಪರೀಕ್ಷಿಸುವ ಕ್ರಮ

ಈಗಿರುವ ಡೆಸ್ಕ್‌ಟಾಪನ್ನು ತೆಗೆದುಹಾಕಬೇಡಿ. ವಿಂಡೋ ಮ್ಯಾನೇಜರನ್ನು ಅದರ ಪಕ್ಕದಲ್ಲೇ ಅನುಸ್ಥಾಪಿಸಿದರೆ ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಕೊಡುವ ಮುನ್ನ ಯಾವುದು ಬೇಕೆಂದು ಆರಿಸಬಹುದು; ತುರ್ತು ಕೆಲಸದ ದಿನ ಹಳೆಯದಕ್ಕೆ ಮರಳಬಹುದು. ಲಾಗ್ ಔಟ್ ಆಗುವುದೂ ಬೇಡವೆನಿಸಿದರೆ ಝೆಫಿರ್ ಎಂಬ ಸಾಧನ ಒಂದು ವಿಂಡೋದೊಳಗೇ ಇನ್ನೊಂದು ಎಕ್ಸ್ ಪರದೆಯನ್ನು ತೆರೆದುಕೊಡುತ್ತದೆ, ಅದರೊಳಗೆ ಐ3, ಓಪನ್‌ಬಾಕ್ಸ್, ಡಿಡಬ್ಲ್ಯೂಎಂ ಯಾವುದನ್ನಾದರೂ ಓಡಿಸಿ ನೋಡಬಹುದು. ಸ್ವೇಯನ್ನು ಇರುವ ಡೆಸ್ಕ್‌ಟಾಪಿನ ಟರ್ಮಿನಲ್‌ನಿಂದ ಕರೆದರೆ ಅದು ತಾನೇ ಒಂದು ವಿಂಡೋದೊಳಗೆ ತೆರೆದುಕೊಳ್ಳುತ್ತದೆ. ಹಾಗೆ ತೆರೆದಾಗ ಮೊದಲು ಒತ್ತಕ್ಷರವಿರುವ ಹೆಸರಿನ ಫೈಲು ತೆರೆಯಿರಿ, ಕಗಪಕ್ಕೆ ಬದಲಿಸಿ ಒಂದು ಸಾಲು ಬರೆಯಿರಿ, ಬರೆಯುತ್ತಿರುವಾಗಲೇ ಮುಖ್ಯ ಕೀಲಿಯೊಡನೆ ಆದೇಶ ಕಟ್ಟಿದ ಒಂದು ಅಕ್ಷರ ಕೀಲಿ ಒತ್ತಿ ನೋಡಿ. ಮಾರನೆಯ ದಿನ ಲಾಗಿನ್ ಪರದೆಯಿಂದಲೇ ಹೊಸದನ್ನು ಆರಿಸಿ ಒಳಹೋಗಿ, ಚಾರ್ಜರ್ ತೆಗೆದು ಅರ್ಧ ಗಂಟೆ ಕೆಲಸ ಮಾಡಿ, ಬ್ಯಾಟರಿ ಇಳಿದಾಗ ನಿಮಗೆ ತಿಳಿಸುವವರು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳಿ.